ರಟ್ಟಿನ ಬೀದಿಯಲ್ಲಿ ಒಬ್ಬ ಹೆಂಗಸು

ಓರೆಸ್ಟ್ ಬಿಲಿಕ್ ಆ ಸಲೂನಿಗೆ ಹೋದದ್ದು ಕೂದಲು ಕತ್ತರಿಸಿಕೊಳ್ಳುವುದಕ್ಕಲ್ಲ. ಕತ್ತರಿಸುವಷ್ಟು ಕೂದಲು ಅವನ ತಲೆಯ ಮೇಲೆ ಉಳಿದೂ ಇರಲಿಲ್ಲ.

"ಕೂದಲು ಬೇಕಿತ್ತು," ಎಂದ, ಟೋಪಿಯನ್ನು ಕೈಯಲ್ಲಿ ಹಿಂಡುತ್ತ.

ಮಾರಿಟ್ ಹೌಗೆನ್ ಕತ್ತರಿ ನಿಲ್ಲಿಸಿ, ಕನ್ನಡಿಯೊಳಗಿಂದಲೇ ಅವನ ತಲೆಯನ್ನು ಒಮ್ಮೆ ನೋಡಿದಳು. "ಅಯ್ಯೋ ಪಾಪ. ಅದನ್ನ ನಾನು ಕೊಡೋಕಾಗಲ್ಲ. ದೇವರನ್ನೇ ಕೇಳ್ಬೇಕು."

ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಕಿಸಕ್ಕೆಂದಳು.

"ನನಗಲ್ಲ. ನೆಲದ ಮೇಲೆ ಬಿದ್ದಿರೋದು, ಗುಡಿಸಿ ಎಸೆಯೋದು ಇದ್ರೆ ಸಾಕು. ಹೊಂಬಣ್ಣದ್ದಾದ್ರೆ ಇನ್ನೂ ಒಳ್ಳೇದು. ಗಾಡಿಗೆ ಹುಲ್ಲು ತುಂಬಬೇಕು."

"ಎಷ್ಟು ದೊಡ್ಡ ಗಾಡಿ?"

ಓರೆಸ್ಟ್ ಹೆಬ್ಬೆರಳನ್ನೂ ತೋರುಬೆರಳನ್ನೂ ಅಗಲಿಸಿ ತೋರಿಸಿದ. ಮಾರಿಟ್ ಆ ಬೆರಳುಗಳ ನಡುವಿನ ಸಂದಿಯಿಂದಲೇ ಅವನ ಮುಖ ನೋಡಿದಳು. ನಲವತ್ತು ದಾಟಿದ ಗಂಡಸು ಕಿವಿಯ ತನಕ ಕೆಂಪಾದ.

ಅದು ತೊಂಬತ್ತಾರರ ಸೆಪ್ಟೆಂಬರ್. ಆಲ್ಬರ್ಟಾದ ಕ್ಯಾಮ್ರೋಸ್ ಊರಿನ ಶಾಲಾ ಬಸ್ಸುಗಳನ್ನು ರಿಪೇರಿ ಮಾಡುತ್ತಿದ್ದ ಓರೆಸ್ಟ್‌ಗೆ, ಯುದ್ಧದಲ್ಲಿ ಮಡಿದವರನ್ನು ನೆನೆಯುವ ನವೆಂಬರಿನ ಸ್ಮರಣೆಯ ದಿನಕ್ಕೆ ಎರಡನೇ ಮಹಾಯುದ್ಧದ ಒಂದು ದೃಶ್ಯದ ಪುಟ್ಟ ಮಾದರಿ ಮಾಡಿಕೊಡು ಎಂದು ಮಾಜಿ ಸೈನಿಕರ ಸಂಘದವರು ಹೇಳಿದ್ದರು. ಅಂಗಡಿಯ ಕಿಟ್ ಮುಟ್ಟಬಾರದು, ಎಲ್ಲವನ್ನೂ ಮನೆಯ ಕಸದಿಂದಲೇ ಕಟ್ಟಬೇಕು ಎಂಬುದು ಅವನ ಹಟ. ಮೊಟ್ಟೆಯ ಟ್ರೇ ಹರಿದು ಕಲ್ಲು, ಸಿರಿಯಲ್ ಡಬ್ಬದ ರಟ್ಟಿನಿಂದ ಗೋಡೆ, ಹಲ್ಲುಕಡ್ಡಿಯಿಂದ ಕಿಟಕಿ, ಬೆಕ್ಕಿನ ಕಕ್ಕಸಿಗೆ ಹಾಕುವ ಮರಳಿನಿಂದ ಅವಶೇಷದ ರಾಶಿ.

"ಯಾವ ಊರು?" ಎಂದು ಕೇಳಿದಳು ಮಾರಿಟ್, ಕೂದಲನ್ನು ಬ್ರೆಡ್ಡಿನ ಖಾಲಿ ಚೀಲಕ್ಕೆ ತುಂಬುತ್ತ.

"ಇಟಲೀದು. ಒರ್ಟೋನಾ."

ಅವಳ ಕೈ ನಿಂತಿತು. "ಆ ಯುದ್ಧದಲ್ಲಿ ನಮ್ಮಪ್ಪ ಅಲ್ಲಿದ್ರು."

*

ಮೊದಲ ಭಾನುವಾರ ಅವನು ಅವಳ ಮನೆಗೆ ಹೋದದ್ದು ಅವಳ ಅಪ್ಪ ಐನಾರ್ ಹೌಗೆನ್ ಅವರ ಹತ್ತಿರ ಬೀದಿಯ ಅಗಲ ಕೇಳುವುದಕ್ಕೆ. ಮುದುಕರು ಟಿ.ವಿ.ಯ ಹಾಕಿ ಆಟದಿಂದ ಕಣ್ಣು ತೆಗೆಯದೆ, "ಒಂದು ಟ್ಯಾಂಕ್ ಹೋಗ್ತಿತ್ತು, ಎರಡು ಹೋಗ್ತಿರ್ಲಿಲ್ಲ," ಎಂದರು. ಅಲ್ಲಿಗೆ ಯುದ್ಧದ ಮಾತು ಮುಗಿಯಿತು.

ಎರಡನೆಯ ಭಾನುವಾರದಿಂದ ಅವನು ಹೋದದ್ದು ಮಾರಿಟಳಿಗಾಗಿ. ನೆಪಕ್ಕೆ ರಟ್ಟು, ಗೋಂದು, ತನ್ನ ಅಮ್ಮ ಕಟ್ಟಿಕೊಟ್ಟ ಪೆರೋಗಿ ಕಡುಬಿನ ಡಬ್ಬಿ.

ಅಡುಗೆಮನೆಯ ಮೇಜಿನ ಮೇಲೆ ಬೀದಿ ಏಳತೊಡಗಿತು. ಕೂದಲಿಗೆ ಸುರುಳಿ ಹಾಕುವಾಗ ಸುತ್ತುವ ತೆಳು ಕಾಗದವನ್ನು ಮಾರಿಟ್ ಗೋಂದಿನಲ್ಲಿ ಅದ್ದಿ ಹೊದಿಸಿದರೆ ಥೇಟ್ ಹಳೆಯ ಬಟ್ಟೆ. ಮೊಟ್ಟೆಯ ಸಿಪ್ಪೆಯನ್ನು ಗೋಡೆಗೆ ಅಂಟಿಸಿ ಹೆಬ್ಬೆರಳಿನಿಂದ ಅವಳು ಒತ್ತಿದರೆ ಬಿರುಕು ಬಿಟ್ಟ ಗಾರೆ. ಒತ್ತುವಾಗ ನಾಲಿಗೆಯ ತುದಿ ತುಟಿಯಂಚಿಗೆ ಬರುತ್ತಿತ್ತು. ಓರೆಸ್ಟ್ ಅದನ್ನು ನೋಡುತ್ತ ತನ್ನ ತೋರುಬೆರಳನ್ನು ರಟ್ಟಿನ ಟ್ಯಾಂಕಿಗೆ ಅಂಟಿಸಿಕೊಂಡ.

"ನಿಮ್ಮನ್ನೂ ಯುದ್ಧಕ್ಕೆ ಕಳಿಸ್ಬೇಕಾ?" ಎಂದಳು ಅವಳು, ಬಿಸಿನೀರಿನ ಬಟ್ಟಲು ತಂದು ಅವನ ಕೈ ಹಿಡಿದು ಮುಳುಗಿಸುತ್ತ.

ಗೋಂದು ಬಿಟ್ಟ ಮೇಲೂ ಅವಳು ಕೈ ಬಿಡಲಿಲ್ಲ. ಆ ಸಂಜೆಯಿಂದ ಇಬ್ಬರೂ 'ನೀನು' ಆದರು.

ಅಕ್ಟೋಬರಿನಲ್ಲಿ ಅವಳು ದನಿ ತಗ್ಗಿಸಿ ಒಂದು ಮಾತು ಹೇಳಿದಳು. "ಅಪ್ಪ ಯುದ್ಧದ ಬಗ್ಗೆ ಬಾಯಿ ಬಿಟ್ಟಿದ್ದು ಒಂದೇ ಸಲ. ಗುಂಡು ಹಾರ್ತಿರೋ ಬೀದೀಲಿ ಒಬ್ಬ ಹೆಂಗಸು ಬೆನ್ನ ಮೇಲೆ ಭಾರ ಹೊತ್ಕೊಂಡು ನಡೆದು ಹೋದ್ಲಂತೆ. ಅವಳನ್ನ ಇಲ್ಲಿ ನಿಲ್ಲಿಸ್ತೀನಿ. ಅಪ್ಪನಿಗೆ ಹೇಳ್ಬೇಡ, ನೋಡಿದಾಗಲೇ ಗೊತ್ತಾಗ್ಲಿ."

ತಂತಿಯ ಎಲುಬು, ಟೇಪಿನ ಮಾಂಸ, ತೆಳು ಕಾಗದದ ಕಪ್ಪು ಶಾಲು, ಬೆನ್ನ ಮೇಲೆ ಬಟ್ಟೆಯ ಗಂಟು. ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಅವಳನ್ನು ಮಾರಿಟ್ ಮೂರು ಭಾನುವಾರ ಕೂತು ಮಾಡಿದಳು.

ಓರೆಸ್ಟ್ ಚೆನ್ನಾಗಿದೆ ಎಂದ. ಮನಸ್ಸಿನಲ್ಲಿ ಮಾತ್ರ ಮುಳ್ಳು. ಮಾದರಿ ಕಟ್ಟುವವರಲ್ಲಿ ಒಂದು ಕಟ್ಟಳೆಯಿದೆ: ಫೋಟೋದಲ್ಲಿಲ್ಲದ್ದು ಮೇಜಿನ ಮೇಲೂ ಇರಬಾರದು. ಆ ಬೀದಿಯ ಎಷ್ಟೋ ಫೋಟೋ ನೋಡಿದ್ದ. ಒಂದರಲ್ಲೂ ಹೆಂಗಸು ಇರಲಿಲ್ಲ.

*

ನವೆಂಬರಿನ ಮೊದಲ ಶನಿವಾರ ಎಡ್ಮಂಟನ್‌ನಲ್ಲಿ ಮಾದರಿಗಳ ಸ್ಪರ್ಧೆ. ಶನಿವಾರ ಸಲೂನಿಗೆ ಬಿಡುವಿಲ್ಲದ ದಿನ, ಮಾರಿಟ್ ಹೋಗಲಿಲ್ಲ; ಓರೆಸ್ಟ್ ಮಾದರಿಯನ್ನು ಕಾರಿನಲ್ಲಿಟ್ಟುಕೊಂಡು ಒಬ್ಬನೇ ಹೋದ.

ತೀರ್ಪುಗಾರ ಒಂದೊಂದು ಮೇಜಿಗೂ ಬಗ್ಗಿ, ಬೂಟಿನ ಬಕಲ್ ಸಹ ಬಿಡದೆ ಪರೀಕ್ಷಿಸುತ್ತ ಬರುತ್ತಿದ್ದ. ಪಕ್ಕದ ಮೇಜಿನ ನಾಯಿಯ ಗೊಂಬೆಯನ್ನು ತೋರಿಸಿ, "ಈ ನಾಯಿ ಅಲ್ಲಿತ್ತು ಅನ್ನೋದಕ್ಕೆ ಪುರಾವೆ ಏನು?" ಎಂದ. ಓರೆಸ್ಟ್ ತನ್ನ ಬೀದಿಯ ಹೆಂಗಸನ್ನು ನೋಡಿದ. ಆಮೇಲೆ ವಾಪಸು ಅಂಟಿಸಿದರಾಯಿತು ಎಂದುಕೊಂಡು ಹೆಂಗಸಿನ ಕಾಲಬುಡಕ್ಕೆ ಬ್ಲೇಡು ಹಾಕಿದ. ಗೋಂದು ಗಟ್ಟಿಯಿತ್ತು. ಪಾದ ನೆಲದಲ್ಲೇ ಉಳಿಯಿತು, ಮೈ ಸೊಂಟದಲ್ಲಿ ಹರಿಯಿತು. ತೀರ್ಪುಗಾರ ಹತ್ತಿರ ಬಂದಿದ್ದ. ಕೈಯಲ್ಲಿದ್ದುದನ್ನು ಖಾಲಿ ಕಾಫಿ ಲೋಟಕ್ಕೆ ಹಾಕಿ, ಲೋಟವನ್ನು ಕಸದ ಡಬ್ಬಕ್ಕೆ ಹಾಕಿ, ಪಾದದ ಗುರುತಿನ ಮೇಲೆ ಒಂದು ಚಿಟಿಕೆ ಬೆಕ್ಕಿನ ಮರಳು ಉದುರಿಸಿದ.

ಮೊದಲ ಬಹುಮಾನ ಬಂತು. ನೀಲಿ ರಿಬ್ಬನ್. ಡಬ್ಬ ನೆನಪಾಗಿ ಓಡಿದಾಗ ಯಾರೋ ಆಗಲೇ ಖಾಲಿ ಮಾಡಿದ್ದರು.

ಹನ್ನೊಂದನೆಯ ತಾರೀಖು, ಸ್ಮರಣೆಯ ದಿನ, ಕಹಳೆ ಊದಿ, ಮೌನಾಚರಣೆ ಮುಗಿದು, ಎಲ್ಲರೂ ಎದೆಯ ಮೇಲೆ ಕೆಂಪು ಗಸಗಸೆ ಹೂ ಸಿಕ್ಕಿಸಿಕೊಂಡು ಸಂಘದ ಸಭಾಂಗಣದಲ್ಲಿ ಕಾಫಿಗೆ ನಿಂತಿದ್ದಾಗ, ಮಾರಿಟ್ ಅಪ್ಪನನ್ನು ಕೈಹಿಡಿದು ಮಾದರಿಯಿದ್ದ ಮೇಜಿನ ಹತ್ತಿರ ಕರೆತಂದಳು. ಅವಳ ಮುಖದಲ್ಲಿ ಗುಟ್ಟಿನ ನಗು. ಮೇಜಿನ ಮೇಲೆ ಕಣ್ಣಾಡಿಸುತ್ತಿದ್ದಂತೆ ಆ ನಗು ನಿಧಾನವಾಗಿ ಆರಿತು.

"ಎಲ್ಲಿ?" ಎಂದಳು ಓರೆಸ್ಟ್‌ನ ಕಿವಿಯ ಹತ್ತಿರ.

"ದಾರೀಲಿ ಬಿದ್ದಿರ್ಬೇಕು," ಎಂದುಬಿಟ್ಟ.

ಐನಾರ್ ಬೀದಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದರು, ಮತ್ತೆ ಮೊದಲಿಂದ ನೋಡಿದರು. "ಎಲ್ಲಾ ಸರಿಯಾಗಿದೆ," ಎಂದರು.

ಪಕ್ಕದಲ್ಲಿದ್ದ, ಮಾದರಿ ಕಟ್ಟುವವರ ಕ್ಲಬ್ಬಿನವನೊಬ್ಬ ಹೆಮ್ಮೆಯಿಂದ, "ಫೋಟೋ ನೋಡ್ಕೊಂಡೇ ಮಾಡಿರೋದು ಸರ್. ಬೇರೆಯವರ ಥರ ಸುಮ್ಮನೆ ಹೆಂಗಸ್ರು ಮಕ್ಕಳನ್ನ ಸೇರಿಸಿಲ್ಲ. ಅಲ್ಲಿ ಅಂಥವ್ರು ಯಾರೂ ಇರ್ಲೇ ಇಲ್ಲ," ಎಂದ.

"ಇರ್ಲಿಲ್ವಾ?" ಮುದುಕರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ನಾನೇ ಕಲ್ಪಿಸಿಕೊಂಡಿದ್ದೆ ಅನ್ಸುತ್ತೆ. ಐವತ್ತು ವರ್ಷ ಆಯ್ತಲ್ಲ. ಫೋಟೋ ಇಟ್ಕೊಂಡಿರೋರಿಗೆ ಗೊತ್ತಿರುತ್ತೆ."

*

ಆ ಮಾತು ಓರೆಸ್ಟ್‌ನ ಜೊತೆ ಗರಾಜಿಗೂ ಬಂತು. ಬಸ್ಸಿನ ಕೆಳಗೆ ಮಲಗಿದರೆ ಅಲ್ಲೂ ಅದೇ. ತಾನು ಕಿತ್ತದ್ದು ತಂತಿಯ ಗೊಂಬೆಯನ್ನಷ್ಟೇ ಅಲ್ಲ, ಒಬ್ಬ ಮನುಷ್ಯ ಐವತ್ತು ವರ್ಷ ಜೋಪಾನ ಮಾಡಿದ್ದನ್ನು. ಹೇಳಿದರೆ ಮಾರಿಟ್ ಕೈತಪ್ಪುತ್ತಾಳೆ. ಹೇಳದಿದ್ದರೆ ಅವಳ ಮುಖ ನೋಡುವ ಯೋಗ್ಯತೆ ತನಗಿಲ್ಲ. ತಪ್ಪು ಮಾಡಿದವನನ್ನು ಬೈಯುವವರು ಬೇಗ ಬಿಡುಗಡೆ ಮಾಡುತ್ತಾರೆ, ಕೊಲ್ಲುವುದು ನಂಬಿದವರೇ.

ಮಾರಿಟ್ ನಂಬಿದ್ದಳು. ಎರಡು ದಿನ ಬಿಟ್ಟು ಮಧ್ಯಾಹ್ನ ಗರಾಜಿಗೆ ಬಂದಳು. ಮೈನಸ್ ಇಪ್ಪತ್ತರ ಚಳಿ, ಅವನ ಕಾರು ಎಂಜಿನ್ ಹೆಪ್ಪುಗಟ್ಟದಂತೆ ಹೀಟರಿನ ತಂತಿ ಸಿಕ್ಕಿಸಿಕೊಂಡು ಹೊರಗೆ ನಿಂತಿತ್ತು.

"ಕೀ ಕೊಡು. ಸೀಟಿನ ಕೆಳಗೆ ಹೋಗಿರುತ್ತೆ. ನಿನಗೆ ಹುಡುಕೋಕೆ ಬರಲ್ಲ."

ಹಿಮದಲ್ಲಿ ಮೊಣಕಾಲೂರಿ, ಕೈಗವಸು ಬಿಚ್ಚಿ, ಕಾರಿನ ನೆಲದ ಮೂಲೆಮೂಲೆಗೂ ಬರಿಬೆರಳು ಆಡಿಸತೊಡಗಿದಳು. "ಅಪ್ಪ ಮಾತೇ ಆಡ್ತಿಲ್ಲ ಓರೆಸ್ಟ್. ಸಿಕ್ಕಿದ್ರೆ ಇವತ್ತೇ ತೋರಿಸ್ಬಿಡ್ತೀನಿ." ಬೆರಳ ತುದಿ ಚಳಿಗೆ ಬೆಳ್ಳಗಾಗುತ್ತಿತ್ತು.

"ಮಾರಿಟ್, ಏಳು. ಅದು ಬಿದ್ದಿಲ್ಲ."

ಅವಳು ತಲೆಯೆತ್ತಿದಳು.

"ನಾನೇ ಕಿತ್ತೆ. ಬಹುಮಾನ ತಪ್ಪುತ್ತೆ ಅಂತ. ಹರಿದುಹೋಯ್ತು, ಕಸಕ್ಕೆ ಹಾಕ್ದೆ. ನಿನ್ನ ಹತ್ರ ಸುಳ್ಳು ಹೇಳ್ದೆ."

ಅವಳು ಮೊಣಕಾಲಿನ ಹಿಮ ಕೊಡವಿಕೊಂಡಳು. ಕೈಗವಸನ್ನು ಒಂದೊಂದಾಗಿ ಹಾಕಿಕೊಂಡಳು.

"ನನಗ್ಯಾಕೆ ಹೇಳ್ತೀಯ? ಅಪ್ಪನಿಗೆ ಹೇಳು," ಎಂದು ಹೊರಟುಹೋದಳು.

*

ಆ ಭಾನುವಾರ ಅವನು ಪೆರೋಗಿ ಇಲ್ಲದೆ, ಗೋಂದಿಲ್ಲದೆ ಬರಿಗೈಯಲ್ಲಿ ಹೋದ. ಬಾಗಿಲು ತೆರೆದ ಮಾರಿಟ್ ಹಾಗೇ ಅಡುಗೆಮನೆಗೆ ತಿರುಗಿ ನಲ್ಲಿ ಬಿಟ್ಟಳು. ಓರೆಸ್ಟ್ ಟಿ.ವಿ.ಯ ಪಕ್ಕ ನಿಂತು ಒಂದನ್ನೂ ಮುಚ್ಚಿಡದೆ ಹೇಳಿದ. "ನೀವು ಕಲ್ಪಿಸಿಕೊಂಡಿದ್ದಲ್ಲ ಮಿಸ್ಟರ್ ಹೌಗೆನ್. ನಿಮ್ಮ ಮಗಳು ಅವಳನ್ನ ಮಾಡಿದ್ಲು. ನಾನು ತೆಗೆದೆ. ಫೋಟೋ ತೆಗೆದವನು ಆ ಹೊತ್ತಲ್ಲಿ ಅಲ್ಲಿರ್ಲಿಲ್ಲ, ಅಷ್ಟೇ. ನೀವಿದ್ರಿ."

ಮುದುಕರು ಟಿ.ವಿ. ಆರಿಸಿದರು. ಆಟ ಇನ್ನೂ ಮುಗಿದಿರಲಿಲ್ಲ.

"ಬೆನ್ನ ಮೇಲೆ ಏನು ಮಾಡಿದ್ಲು?"

"ಬಟ್ಟೆ ಗಂಟು."

"ಗಂಟಲ್ಲ," ಎಂದರು ಐನಾರ್. "ಬಾಗಿಲು."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು.

"ಅವಳ ಹಿಂದೆ ಮನೇನೇ ಇರ್ಲಿಲ್ಲ. ಬಾಗಿಲು ಮಾತ್ರ ಉಳಿದಿತ್ತು, ಅದನ್ನ ಬೆನ್ನ ಮೇಲೆ ಹಾಕ್ಕೊಂಡಿದ್ಲು. ಬೀಗದ ಕೈ ಬಾಯಲ್ಲಿ ಕಚ್ಚಿದ್ಲು. ನಾವು ಗುಂಡು ನಿಲ್ಲಿಸಿದ್ವಿ. ಆ ಕಡೆಯವ್ರೂ ನಿಲ್ಲಿಸಿದ್ರು. ದಾಟಿ ಹೋದ್ಲು, ಮತ್ತೆ ಶುರು ಮಾಡಿದ್ವಿ. ಬಾಗಿಲು ಅಂದ್ರೆ ಯಾರು ನಂಬ್ತಾರೆ ಅಂತ ಭಾರ ಅಂದಿದ್ದೆ."

ಮಾರಿಟ್ ಒದ್ದೆ ಕೈಯಲ್ಲೇ ಬಂದು ಅಪ್ಪನ ಭುಜ ಹಿಡಿದಳು. ಆಮೇಲೆ ಓರೆಸ್ಟ್‌ನನ್ನು ನೋಡಿದಳು. ಸಿಟ್ಟು ಅಲ್ಲೇ ಇತ್ತು, ಆದರೆ ಅವನನ್ನು ಹೊರಗೆ ನಿಲ್ಲಿಸುವಂಥದ್ದಲ್ಲ.

"ಬಾಗಿಲು ಹೊತ್ರೆ ಬೆನ್ನು ಹೇಗೆ ಬಗ್ಗುತ್ತೋ ನನಗೆ ಗೊತ್ತಿಲ್ಲ," ಎಂದಳು. "ಯಾರಾದ್ರೂ ಹೊತ್ತು ತೋರಿಸ್ಬೇಕು."

ಓರೆಸ್ಟ್ ಅಡುಗೆಮನೆಯ ಉಗ್ರಾಣದ ಬಾಗಿಲಿನ ಹತ್ತಿರ ಹೋಗಿ ಕೀಲುಗಳ ಕಡ್ಡಿ ಎಳೆದು ಬಾಗಿಲು ಕಳಚಿದ. ಓಕ್ ಮರದ್ದು. ಬೆನ್ನಿಗೇರಿಸಿಕೊಂಡು ಐನಾರ್ ಅವರ ಮುಂದೆ ಬಂದು ನಿಂತಾಗ ಉಸಿರು ಸಿಕ್ಕಿಕೊಂಡಿತು.

"ಇನ್ನೂ ಬಗ್ಗು," ಎಂದರು ಐನಾರ್, ಕುರ್ಚಿಯ ತುದಿಗೆ ಬಂದು ಕೂತು. "ಎಡಗೈ ಕೆಳಗೆ. ಹಾಂ, ಹಾಗೆ. ಹಾಗೇ ಇದ್ಲು."

ಮಾರಿಟ್ ಪೆನ್ಸಿಲ್ ಹಿಡಿದು ಸುತ್ತ ಬಂದಳು. ರಟ್ಟಿನ ಮೇಲೆ ಬೆನ್ನು ಗೀಚಿದಳು, ಮೊಣಕಾಲು ಗೀಚಿದಳು. ಮುಖ ಕಾಣದೆ ಬಗ್ಗಿ ಬಾಗಿಲ ಅಡಿಗೇ ನುಗ್ಗಿದಳು. ಅವಳ ಉಸಿರಿನಲ್ಲಿ ಕಾಫಿಯ ವಾಸನೆ.

"ಭಾರ ಇದೆಯಾ?"

"ಇದೆ."

"ಇರ್ಲಿ. ಈಗಲೇ ಇಳಿಸ್ಬೇಡ."

"ಇಳಿಸಲ್ಲ. ಮಾರಿಟ್, ನಿನಗೆ ಸುಳ್ಳು ಹೇಳಿದಾಗಿಂದ ನಾನು..."

"ಬೀಗದ ಕೈ ಕಚ್ಚಿದೋರು ಮಾತಾಡಲ್ಲ," ಎಂದು ಅವಳು ಅವನ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಬೆರಳು ತೆಗೆದು, ಅಪ್ಪನಿಗೆ ಕಾಣದ ಆ ಕತ್ತಲಲ್ಲಿ, ಬೆರಳಿದ್ದಲ್ಲಿ ಮುತ್ತಿಟ್ಟಳು.

"ಯಾಕೆ ನಿಂತೇ ಇದ್ದೀಯ?" ಕುರ್ಚಿಯಿಂದ ಐನಾರ್ ಕೇಳಿದರು. "ಅವಳು ನಿಲ್ಲಲಿಲ್ಲ ಕಣಯ್ಯಾ. ನಡೀತಾನೇ ಇದ್ಲು."

ಓರೆಸ್ಟ್ ಒಂದು ಹೆಜ್ಜೆ ಇಟ್ಟ. ಬಾಗಿಲ ಕೆಳಗೆ ಮಾರಿಟಳೂ ಬಗ್ಗಿಕೊಂಡೇ ಅವನ ಜೊತೆ ಒಂದು ಹೆಜ್ಜೆ ಇಟ್ಟಳು.