ಕ್ಯಾಮೆರಾಗೆ ಕಾಣದ ಮೂಲೆ

ಸೋಮವಾರ ಬೆಳಿಗ್ಗೆ 10.40ಕ್ಕೆ ಫೋಟೊಗ್ರಾಫರ್ ಠಾಣೆಗೆ ಬಂದು ದೂರು ಬರೆದುಕೊಟ್ಟ. ಅವನ ಪ್ರದರ್ಶನದಿಂದ ಒಂದು ಚಿತ್ರ ಕಳುವಾಗಿತ್ತು. ಶನಿವಾರವೇ ಹೋಗಿದ್ದಿರಬೇಕು, ಗೊತ್ತಾದದ್ದು ಇವತ್ತು ಎಣಿಸಿದಾಗ.

"ಗೋಡೆ ಖಾಲಿ ಕಾಣ್ಲಿಲ್ವೇನ್ರೀ?" ಎಂದರು ಇನ್ಸ್‌ಪೆಕ್ಟರ್.

"ಖಾಲಿ ಇದ್ರೆ ತಾನೇ ಸಾರ್ ಕಾಣೋದು?"

ಎಫ್‌ಐಆರ್ ದಾಖಲಿಸಿ, 11.30ಕ್ಕೆ ಇನ್ಸ್‌ಪೆಕ್ಟರ್ ಮಹಿಳಾ ಪೇದೆಯನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಗೃಹಾಲಂಕಾರದ ಪತ್ರಿಕೆಗೆ ಮನೆಯ ಚಿತ್ರ ತೆಗೆಯುವಾಗ ಅಂದ ಕೆಡಿಸುವುದನ್ನೆಲ್ಲ ಕ್ಯಾಮೆರಾಗೆ ಕಾಣದ ಮೂಲೆಗೆ ಒಟ್ಟುತ್ತಾರೆ. ಪೊರಕೆ, ಔಷಧಿ ಡಬ್ಬಿ, ಕಾಲು ಮುರಿದ ಕುರ್ಚಿ. ಈ ಪುಣ್ಯಾತ್ಮ ಆ ಮೂಲೆಗಳನ್ನೇ ತೆಗೆದು ಪ್ರದರ್ಶನಕ್ಕಿಟ್ಟಿದ್ದ. ಚಿತ್ರಗಳು ಉದ್ದನೆಯ ಕಂಬಿಯಿಂದ ತಂತಿಯಲ್ಲಿ ನೇತಾಡುತ್ತಿದ್ದವು. ಕಳ್ಳರು ಒಂದನ್ನು ತೆಗೆದು, ಉಳಿದವನ್ನು ಸರಿಸಿ ಅಂತರ ಸಮ ಮಾಡಿದ್ದರು.

ಪೇದೆ ಟೇಪು ಹಿಡಿದಳು. ಎಲ್ಲ ಕಡೆಯೂ ಹದಿನಾಲ್ಕು ಇಂಚು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

"ಸಿಕ್ಕಿದ್ರೆ ನಮ್ಮ ಠಾಣೆ ಕ್ಯಾಲೆಂಡರನ್ನೂ ಇವರ ಕೈಲೇ ಹಾಕಿಸೋಣ ಸಾರ್."

"ಸೊಟ್ಟಗಿದ್ರೆ ಕೈ ಸುಮ್ನಿರಲ್ಲ ಅನ್ನೋರು ಇವ್ರು. ಕಳುವಾಗಿದ್ದು ಯಾರ ಮನೆ ಚಿತ್ರ?"

"ಒಳಾಂಗಣ ವಿನ್ಯಾಸ ಮಾಡೋ ಮೇಡಮ್ಮೋರದು," ಎಂದು ಫೋಟೊಗ್ರಾಫರ್ ಮೊಬೈಲಿನಲ್ಲಿ ಪ್ರತಿ ತೋರಿಸಿದ. ಸಾಮಾನಿನ ರಾಶಿಯ ನಡುವೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಒಬ್ಬ ಹೆಂಗಸು ದಿಂಬುಗಳನ್ನು ತಬ್ಬಿಕೊಂಡು ನಗುತ್ತ ಕೂತಿದ್ದಳು.

"ಇವರ್ಯಾರು?"

"ಕೆಲಸದವಳು ಅಂತ ಆ ಮೇಡಮ್ಮೋರೇ ಅಂದ್ರು. ಚಿತ್ರದ ಕೆಳಗಿನ ಚೀಟೀಲೂ ಹಾಗೇ ಹಾಕಿದ್ದೆ. ಅದೂ ಹೋಗಿದೆ."

2.15ಕ್ಕೆ ಆ ಮನೆಯ ಬಾಗಿಲು ತೆರೆದವಳು ಚಿತ್ರದಲ್ಲಿದ್ದ ಹೆಂಗಸೇ. ಪ್ರದರ್ಶನದ ಫೋಟೊ ಬಗ್ಗೆ ಕೇಳಬೇಕಿತ್ತು ಎಂದಳು ಪೇದೆ.

"ಬನ್ನಿ, ತಂಗಿ ಒಳಗಿದಾಳೆ. ಫೋಟೊ ವಿಷಯಾನಾ? ನಾನೂ ಇದೀನಂತೆ ಅದ್ರಲ್ಲಿ! ನಿನ್ನೆ ಕರ್ಕೊಂಡು ಹೋಗ್ತೀನಿ ಅಂದಿದ್ಳು, ಆಗ್ಲಿಲ್ಲ."

ಪೇದೆ ನೆಲ ನೋಡಿದಳು.

ತಂಗಿ ವಾದಿಸಲಿಲ್ಲ. ಕಪಾಟಿನಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ ಚಿತ್ರವನ್ನೂ ಚೀಟಿಯನ್ನೂ ತಂದಿಟ್ಟಳು.

"ಚೀಟಿ ತಿದ್ದಿ ಅಂತ ಕೇಳಬಹುದಿತ್ತಲ್ಲಮ್ಮಾ?" ಇನ್ಸ್‌ಪೆಕ್ಟರ್ ದನಿ ತಗ್ಗಿಸಿದರು.

"ಹಾಗೆ ಕೇಳಿದ್ರೆ ಸುಳ್ಳು ಹೇಳಿದ್ದು ಒಪ್ಕೋಬೇಕಿತ್ತು. ಬಟ್ಟೆ ಹೊಲಿದು ನನ್ನ ಓದಿಸಿದವಳು ಸಾರ್. ಅವಳು ಮಾತ್ರ ಅದನ್ನ ಓದಬಾರ್ದಿತ್ತು."

ಪಂಚರಾಗಿ ಪಕ್ಕದ ಮನೆಯ ಇಬ್ಬರು ಬಂದರು. ಪಂಚನಾಮೆಯನ್ನು ಗಟ್ಟಿಯಾಗಿ ಓದಿ ಹೇಳಿಯೇ ಸಹಿ ಪಡೆಯಬೇಕು. ಪೇದೆ ಓದಿದಳು: "ಚಿತ್ರ ಒಂದು. ಚೀಟಿ ಒಂದು, ಅದರಲ್ಲಿ..." ಅವಳು ಇನ್ಸ್‌ಪೆಕ್ಟರರ ಮುಖ ನೋಡಿದಳು. ಓದು ಎಂಬಂತೆ ಅವರು ತಲೆಯಾಡಿಸಿದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರಿಗೆ ತಮ್ಮ ಕೆಲಸದ ಬಗ್ಗೆ ಇಷ್ಟು ನಾಚಿಕೆಯಾಗಿರಲಿಲ್ಲ. "ಅದರಲ್ಲಿ, ಮನೆ ಕೆಲಸದವಳು ಎಂದು ಬರೆದಿರುತ್ತದೆ."

ಅಕ್ಕನ ನಗು ನಿಂತುಹೋಯಿತು.

3.50ಕ್ಕೆ ಬಂಧನ. ಬಂಧನದ ಪತ್ರಕ್ಕೆ ಸಂಬಂಧಿಕರೊಬ್ಬರ ಸಹಿ ಬೇಕಿತ್ತು. ಅಕ್ಕ ಪೆನ್ನು ಹಿಡಿದಳು.

"ಆರೋಪಿ ನಿಮಗೇನಾಗ್ಬೇಕು?" ಪೇದೆ ಕೇಳಲೇಬೇಕಿತ್ತು.

"ನಾನೇನಾಗ್ಬೇಕು ಅಂತ ಅವಳನ್ನೇ ಕೇಳಿ. ಅವಳು ಹೇಳಿದ್ದೇ ಬರ್ಕೊಳ್ಳಿ."

ಪಕ್ಕದ ಮನೆಯವರು ಕಿವಿ ನಿಮಿರಿಸಿದರು. ತಂಗಿ ಅವರ ಮುಂದೆಯೇ ಹೇಳಿದಳು, "ಅಕ್ಕ. ಒಡಹುಟ್ಟಿದ ಅಕ್ಕ."

ಪೇದೆ ಬರೆದುಕೊಂಡಳು. ಅಕ್ಕ ಸಹಿ ಹಾಕಿದಳು, ತಂಗಿಯ ಮುಖ ನೋಡಲಿಲ್ಲ.

ಕೃತ್ಯದ ಕಾರಣ ಎಂಬಲ್ಲಿ ಇನ್ಸ್‌ಪೆಕ್ಟರ್ ಒಂದೇ ಪದ ಬರೆದರು: ನಾಚಿಕೆ.