ನಾಲ್ಕು ಬೆರಳು ಸರಿದ ಪೆಡಲ್

"ನನ್ನ ಗಾಡಿ ಕದ್ದು ಗ್ವಾಡಿಗೆ ಗುದ್ದಿಸಿ, ಮತ್ತ ನಾ ಅಲ್ಲ ಅಂತೀಯಲ್ಲೋ ಮಾಪಣ್ಣ. ನೀ ಕೂಡಿಸಿದ ಬ್ರೇಕಿಗೆ ಬೆಂಕಿ ಹಚ್ಚಲಿ."

"ಬ್ರೇಕಿನ ಸುದ್ದಿಗೆ ಬರಬ್ಯಾಡ ಸಿದ್ದಣ್ಣ. ಗಾಡಿ ನಾ ತಗೊಂಡಿಲ್ಲ."

ಅಷ್ಟು ಹೇಳಿ ಮಾಪಣ್ಣ ಬಾಯಿ ಹೊಲಿದುಕೊಂಡ. ಅಂಬರನಾಥದ ಆ ಷೆಡ್ಡಿನ ಬಾಗಿಲಲ್ಲಿ ಅವನ ತಂಗಿ ಚಂಪಾ ನಿಂತಿದ್ದಳು. ಮರುದಿನ ಸೋಮವಾರ ಅಣ್ಣ ವೆಲ್ಡರ್ ಕೆಲಸಕ್ಕೆ ಸೇರಬೇಕಿತ್ತು. ಆ ಕಾರ್ಖಾನೆಯ ಫೋರ್‌ಮನ್ ಗಾಡಿಯ ಒಡೆಯನಾದ ಇದೇ ರೇವಣಸಿದ್ದ. ಕಳ್ಳ ಅನ್ನಿಸಿಕೊಂಡವನನ್ನು ಗೇಟಿನೊಳಗೆ ಯಾರು ಬಿಟ್ಟಾರು?

ಅದಕ್ಕೇ ಅವಳು ಡೊಂಬಿವಲಿಯಿಂದ ಸುಬ್ಬಲಕ್ಷ್ಮಿಯನ್ನು ಕರೆತಂದಿದ್ದಳು. ಮೈಸೂರಿನ ಈ ಹೆಂಗಸು ಮೂವತ್ತು ವರ್ಷ ಇನ್ಶೂರೆನ್ಸ್ ಕಂಪನಿಗೆ ಜಜ್ಜಿದ ಗಾಡಿಗಳನ್ನು ತಪಾಸಣೆ ಮಾಡಿದವರು. ಅವರ ಮನೆಯ ಅಡುಗೆ ಚಂಪಾಳದು. ಇಂಥ ಕಡೆಗೆಲ್ಲ ಅವರ ಚೀಲ ಹೊರುವವಳೂ ಅವಳೇ.

ವಿಷಯ ಇಷ್ಟು. ರೇವಣಸಿದ್ದ ನಾಲ್ಕು ವರ್ಷದಿಂದ ಕೈಯಾರೆ ಒಂದು ಕಾರು ಕಟ್ಟುತ್ತಿದ್ದ. ಬೆಸುಗೆಯೆಲ್ಲ ಮಾಪಣ್ಣನದು. ಸೀಟನ್ನು ಚೌಕಟ್ಟಿಗೆ ಬೆಸೆದುಬಿಟ್ಟಿದ್ದರು, ಅದು ಅಲುಗದು. ಪೆಡಲ್‌ಗಳು ಮೇಲಿಂದ ಜೋತು ಬಿದ್ದಿರದೆ ನೆಲದಿಂದ ಎದ್ದು ನಿಂತಿದ್ದವು. ತೂತುಗಳ ಪಟ್ಟಿಗೆ ಬೋಲ್ಟ್ ಹಾಕಿ ಅವನ್ನು ಹಿಂದೆ ಮುಂದೆ ಸರಿಸಬಹುದಿತ್ತು. ಶನಿವಾರ ಸಂಜೆ ಅವನು ಡ್ಯೂಟಿ ಮುಗಿಸಿ ಬಂದಾಗ ಕಾರು ಗೋಡೆಗೆ ಮೂಗು ತಾಗಿಸಿ ನಿಂತಿತ್ತು. ಕೀಲಿ ಎರಡೇ. ಒಂದು ಮಾಪಣ್ಣನ ಹತ್ತಿರ, ಇನ್ನೊಂದು ರೇವಣಸಿದ್ದನ ಮನೆಯ ಮೊಳೆಗೆ.

ಸುಬ್ಬಲಕ್ಷ್ಮಿ ಮೊದಲು ಅಂಗಳದ ಮೇಲಿನ ಟೈರಿನ ಎರಡು ಕರಿ ಗೆರೆ ನೋಡಿದರು. ಆಮೇಲೆ ಟಾರ್ಚ್ ಹಿಡಿದು ಪೆಡಲ್‌ಗಳ ಹತ್ತಿರ ಬಗ್ಗಿದರು. ರೇವಣಸಿದ್ದನನ್ನು ಕೂರಿಸಿದರು, ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ಅವನಿಗಿಂತ ಗೇಣು ಎತ್ತರವಿದ್ದ ಮಾಪಣ್ಣನಿಗೆ ಒಳಗೆ ಮಡಚಿಕೊಳ್ಳಲೂ ಆಗಲಿಲ್ಲ.

"ಚಂಪಾ, ಚಪ್ಪಲಿ ಬಿಟ್ಟು ನೀನು ಕೂತ್ಕೋ."

ಚಂಪಾ ಕೂತಳು. ಹಿಮ್ಮಡಿ ನೆಲಕ್ಕೆ ಊರಿ ಬ್ರೇಕ್ ಒತ್ತಿದಳು. ಅಳತೆ ತೆಗೆದು ಮಾಡಿದಂತೆ ಪಾದ ಕೂತಿತು. ಕಬ್ಬಿಣಕ್ಕೆ ಅವಳ ಕಾಲುಂಗುರ ಟಕ್ ಎಂದಿತು. ಪೆಡಲ್ಲಿನ ಬಣ್ಣದ ಮೇಲೆ, ಸರಿಯಾಗಿ ಅದೇ ಜಾಗದಲ್ಲಿ, ಸಣ್ಣ ಸಣ್ಣ ಗೀರುಗಳಿದ್ದವು. ಅವಳು ತಟ್ಟನೆ ಕಾಲು ಹಿಂದೆಗೆದಳು.

ಆ ಹೊತ್ತಿಗೆ ರೇವಣಸಿದ್ದನ ಹೆಂಡತಿ ಕಾಂಚನಾ ಚಹಾ ತಂದಳು. ಸುಬ್ಬಲಕ್ಷ್ಮಿ ಎಲ್ಲರನ್ನೂ ನಿಲ್ಲಿಸಿಕೊಂಡು ನಿಧಾನಕ್ಕೆ ಬಿಡಿಸಿ ಹೇಳಿದರು. ಪೆಡಲ್ ಸೀಟಿನ ಕಡೆಗೆ ನಾಲ್ಕು ಬೆರಳು ಸರಿದಿದೆ, ಅಂದಮೇಲೆ ಓಡಿಸಿದ್ದು ಗಿಡ್ಡ ಕಾಲು. ಹಿಂದಿನ, ಮುಂದಿನ ಎರಡೂ ಜಾಗದ ತೂತುಗಳ ಸುತ್ತ ಬಣ್ಣ ಸವೆದು ಹೊಳೆಯುತ್ತಿದೆ, ಅಂದಮೇಲೆ ಸರಿಸಿದ್ದು ಒಂದು ಸಲವಲ್ಲ. ಕದಿಯುವವನಿಗೆ ಅಷ್ಟು ಪುರುಸೊತ್ತಿರದು. ಇದು ಕಲಿಯುವವರ ಕೆಲಸ. ಕರಿ ಗೆರೆಗಳು ನೇರವಾಗಿ ಬಂದು ಗೋಡೆಗೆ ಎರಡಡಿ ಮೊದಲೇ ನಿಂತಿವೆ, ಅಂದಮೇಲೆ ಬ್ರೇಕ್ ಹಿಡಿದಿದೆ. ನಿಂತ ಗಾಡಿಯಲ್ಲಿ ಗಾಬರಿಯಿಂದ ಕ್ಲಚ್ ಬಿಟ್ಟಾಗ ಅದು ಮುಂದಕ್ಕೆ ಜಿಗಿದಿದೆ.

"ಗೀರು ಕಾಲುಂಗುರದ್ದು. ಹೆಸರು ನಾನು ಹೇಳಲ್ಲ," ಎಂದರು.

ಕಾಂಚನಾ ಚಹಾದ ಕಪ್ಪು ಕೆಳಗಿಟ್ಟಳು. "ನಾನs. ಆಡು ಅಡ್ಡ ಬಂತು. ಲೈಸನ್ಸ್ ತಗೊಂಡ ಮ್ಯಾಲ ಹೇಳೂಣಂತ ಇದ್ದೆ. ಯಾರಿಗೂ ಹೇಳಬ್ಯಾಡ್ರಿ ಅಂತ ಮಾಪಣ್ಣಾರಿಗೆ ನಾನs ಆಣಿ ಹಾಕಿಸಿದ್ದೆ."

ಪ್ರತಿ ಸಲ ಪೆಡಲ್ ಸರಿಸಿ, ಸಂಜೆಯೊಳಗೆ ಮತ್ತೆ ಮೊದಲಿನಂತೆ ಮಾಡುತ್ತಿದ್ದವನು ಮಾಪಣ್ಣ. ಶನಿವಾರ ಅಷ್ಟರೊಳಗೆ ರೇವಣಸಿದ್ದ ಬಂದುಬಿಟ್ಟಿದ್ದ.

ರೇವಣಸಿದ್ದ ಹೆಂಡತಿಯ ಕಾಲುಂಗುರ ನೋಡಿದ. ಆಮೇಲೆ ಮಾಪಣ್ಣನತ್ತ ತಿರುಗಿ, "ಸಿಟ್ಟಿನಾಗ ಅಂದೆ, ಬಿಟ್ಟುಬಿಡು. ನಾಳಿ ಡ್ಯೂಟಿಗೆ ಬಾ," ಎಂದ.

ಮಾಪಣ್ಣ ಪಾನಾ ಎತ್ತಿಕೊಂಡ. ಕುಕ್ಕರುಗಾಲಿನಲ್ಲಿ ಕೂತು, ಪೆಡಲ್ಲಿನ ನಾಲ್ಕೂ ಬೋಲ್ಟುಗಳನ್ನು ಕಾಂಚನಾಳ ಅಳತೆಗೆ ಇದ್ದಲ್ಲೇ ಬಿಗಿದ. ಪಾನಾ ಷೆಡ್ಡಿನ ಕಿಟಕಿಯ ಮೇಲಿಟ್ಟ.

"ಬ್ರೇಕ್ ಛಲೋ ಹಿಡೀತದ ತಂಗಿ. ಹೆದರಬ್ಯಾಡ," ಎಂದು ಕಾಂಚನಾಳಿಗೆ ಹೇಳಿ ಹೊರಬಿದ್ದ.

ಚಹಾ ಆರಿತು. ಮರುದಿನ ಗೇಟಿನಲ್ಲಿ ರೇವಣಸಿದ್ದ ಹಾದಿ ಕಾದ. ಮಾಪಣ್ಣ ದೂರದ ಖಾರಘರದಲ್ಲಿ ಕಟ್ಟಡದ ಕೆಲಸ ಹಿಡಿದಿದ್ದ. ಆ ಷೆಡ್ಡಿಗೆ ಮತ್ತೆ ಕಾಲಿಡಲಿಲ್ಲ. ಪಾನಾ ಕಿಟಕಿಯ ಮೇಲೆಯೇ ತುಕ್ಕು ಹಿಡಿಯಿತು. ಆ ಬೋಲ್ಟುಗಳನ್ನು ರೇವಣಸಿದ್ದ ಬಿಚ್ಚಲಿಲ್ಲ. ಭಾನುವಾರಗಳಂದು ಹೆಂಡತಿ ಓಡಿಸುವಾಗ ಎಡಗಡೆಯ ಸೀಟಿನಲ್ಲಿ ಕೂರುವುದನ್ನು ಕಲಿತ.