ಆ ಕೆಂಪು ಗಾಡಿ

“ಬಿಡ್ರಿ ಅದನ್ನ! ಅದು ನಂದು!”

ಬೈಲಹೊಂಗಲದ ಬಸ್ ಸ್ಟ್ಯಾಂಡ್ ಎದುರಿನ ಹನುಮಪ್ಪನ ಅಂಗಡಿಯಲ್ಲಿ ಅನ್ನಪೂರ್ಣಾಳ ದನಿ ಏರಿತು. ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಂಗೈಯಗಲದ ಒಂದು ಪ್ಲಾಸ್ಟಿಕ್ ಟ್ರ್ಯಾಕ್ಟರ್. ಅದರ ಮುಂದಿನ ಗಾಲಿ ಇವಳ ಬೆರಳಲ್ಲಿ, ಹಿಂದಿನ ಗಾಲಿ ಗುರುತಿಲ್ಲದ ಒಬ್ಬ ಹುಡುಗನ ಬೆರಳಲ್ಲಿ!

“ನಿಮ್ಮ ಹೆಸರ ಬರದೈತೇನ್ರಿ ಇದರ ಮ್ಯಾಲ?” ಎಂದ ಅವನು, ನಗುತ್ತ.

“ಹೋದ ವಾರನ ಹೇಳಿ ಇಟ್ಟೇನಿ. ಕೇಳ್ರಿ ಹನುಮಪ್ಪ ಕಾಕಾನ್ನ!”

ಹನುಮಪ್ಪ ತಲೆ ಕೆರೆದುಕೊಂಡ. “ಹೇಳಿದ್ದಿ ತಂಗಿ, ಖರೇ. ನನಗ ಮರತ ಹೋತು. ಇವರು ಆಗಲೇ ರೊಕ್ಕ ಕೊಟ್ಟಬಿಟ್ರು.”

ಅದು ಎರಡು ಸಾವಿರದ ಮೂರನೆಯ ಇಸವಿ. ಕಿರಾಣಿ ಅಂಗಡಿಗಳಲ್ಲಿ ಪೆಪ್ಪರಮಿಂಟ್ ಗಾಡಿಗಳು ತೂಗಾಡುತ್ತಿದ್ದ ಕಾಲ. ಲಾರಿ, ಆಟೋ, ಬಸ್ಸು, ಮೋಟಾರ್‌ಸೈಕಲ್ಲು... ಹೊಟ್ಟೆ ತುಂಬ ಬಣ್ಣದ ಗುಳಿಗೆ. ಹಿಂದೆ ಒತ್ತಿದರೆ ಮುಂದೆ ಟಪ್ಪೆಂದು ಒಂದು ಬೀಳುತ್ತಿತ್ತು. ಮಕ್ಕಳು ಗುಳಿಗೆ ತಿಂದು ಗಾಡಿ ಎಸೆಯುತ್ತಿದ್ದರು. ಶಾಲೆಯ ಟೀಚರ್ ಅನ್ನಪೂರ್ಣಾ ಗುಳಿಗೆಯನ್ನು ಮಕ್ಕಳಿಗೆ ಹಂಚಿ ಗಾಡಿಯನ್ನು ತಾನಿಟ್ಟುಕೊಳ್ಳುತ್ತಿದ್ದಳು.

“ಲಗ್ನದ ವಯಸ್ಸಿನಾಕಿ, ಆಟಿಗಿ ಸಾಮಾನ ಕೂಡಸ್ತಾಳ!” ಎಂದು ಓಣಿಯ ತುಂಬ ನಗೆ.

ಹಳೆಯ ನಾಣ್ಯ, ಕೆಟ್ಟ ಗಡಿಯಾರ ಕೂಡಿಸುವ ಗಂಡಸರನ್ನು ಕಂಡು ಯಾರಾದರೂ ನಗುತ್ತಾರೆಯೇ? ಇಲ್ಲ. ಅದು ಹವ್ಯಾಸ! ಹೆಣ್ಣೊಬ್ಬಳು ಒಂದು ಪೆಪ್ಪರಮಿಂಟ್ ಗಾಡಿ ಇಟ್ಟುಕೊಂಡರೆ ಮಾತ್ರ ಊರಿಗೆಲ್ಲ ಹೊಟ್ಟೆನೋವು.

“ನಮ್ಮ ಬಸ್ ಬಂತ್ರಿ” ಎಂದವನೇ ಆ ಹುಡುಗ ಟ್ರ್ಯಾಕ್ಟರ್ ಸಮೇತ ಓಡಿದ.

“ಕೆಟ್ಟ ನಿಲ್ಲಲಿ ನಿಮ್ಮ ಟ್ರ್ಯಾಕ್ಟರ!” ಅನ್ನಪೂರ್ಣಾ ಅವನ ಬೆನ್ನಿಗೆ ಶಾಪ ಹಾಕಿದಳು.

ದೀಪಾವಳಿ ಮುಗಿದ ಮೇಲೆ ಮನೋಳಿಯಿಂದ ಒಂದು ಮನೆತನದವರು ಅವಳನ್ನು ನೋಡಲು ಬಂದರು. ಬೀಜ-ಗೊಬ್ಬರದ ಅಂಗಡಿಯವರು. ಚಹಾದ ಟ್ರೇ ಹಿಡಿದು ಬಂದ ಅನ್ನಪೂರ್ಣಾ ತಲೆ ಎತ್ತಿದಳು...

ಅವನೇ! ಟ್ರ್ಯಾಕ್ಟರ್ ಕಳ್ಳ!

ಹುಡುಗನ ಹೆಸರು ಸುಭಾಸ ಎಂದು ಯಾರೋ ಹೇಳಿದರು. ಆದರೆ ಅವನ ಕಣ್ಣು ಅವಳ ಮೇಲಿರಲಿಲ್ಲ. ಗೋಡೆಯ ಶೋಕೇಸಿನಲ್ಲಿ ಸಾಲಾಗಿ ನಿಂತಿದ್ದ ಅವಳ ಗಾಡಿಗಳ ಮೇಲಿತ್ತು.

‘ನಗಲಿ ನೋಡೋಣ... ಈ ಚಹಾ ಅವನ ಮೈಮೇಲೆ ಸುರಿಯದಿದ್ದರೆ ನಾನು ಅನ್ನಪೂರ್ಣಾನೇ ಅಲ್ಲ!’

ಅವನು ನಗಲಿಲ್ಲ. ಕಪ್ಪು ತೆಗೆದುಕೊಳ್ಳುತ್ತ ಮೆಲ್ಲಗೆ ಹೇಳಿದ, “ನಾನೂ ಕೂಡಸ್ತೇನ್ರಿ. ನಿಮ್ಮ ಟ್ರ್ಯಾಕ್ಟರ ಹಂಗ ಐತಿ. ಒಂದ ಗುಳಿಗಿನೂ ತಗದಿಲ್ಲ.”

ನಿಮ್ಮ ಟ್ರ್ಯಾಕ್ಟರ್... ‘ನಿಮ್ಮ’ ಅಂದನಲ್ಲ!

ಅನ್ನಪೂರ್ಣಾ ಒಳಗೆ ಹೋಗಿ ಖಾಲಿ ಟ್ರೇಯನ್ನು ಎದೆಗವಚಿಕೊಂಡು ನಿಂತಳು. ಊರೆಲ್ಲ ನಕ್ಕಿದ್ದನ್ನು ನಗದೆ ನೋಡುವವನು ಒಬ್ಬನಾದರೂ ಇದ್ದಾನೆ ಎಂದು ಅವಳಿಗೆ ಅಳು ಬಂದಂತಾಯಿತು.

ಮರುದಿನ ಸಂಬಂಧ ಕೂಡಿಸುತ್ತಿದ್ದ ಅಂದಾನೆಪ್ಪ ಬಂದು, ಅವಳ ಅಪ್ಪ ನಿಜಗುಣಪ್ಪನ ಮುಂದೆ ಕುಳಿತ.

“ಹುಡುಗಗ ಕನ್ಯಾ ಪಸಂದ ಐತಿ. ವರದಕ್ಷಿಣಿ ಏನೂ ಬ್ಯಾಡಂತ. ಒಂದ ಗಾಡಿ ಕೊಟ್ರ ಸಾಕಂತ, ಕೆಂಪಂದು. ನಿನ್ನಿ ಇಲ್ಲಿಂದ ಹೊಂಡೂ ಮುಂದ ತಾನ ಬಾಯಿಬಿಟ್ಟು ಹೇಳ್ಯಾನ.”

ನಮ್ಮ ಕಡೆ ಮದುವೆಯ ಮಾತಿನಲ್ಲಿ ಗಾಡಿ ಎಂದರೆ ಯಾವುದು ಅಂತ ತೊಟ್ಟಿಲ ಕೂಸಿಗೂ ಗೊತ್ತು. ಬಾಯಲ್ಲಿ ‘ಏನೂ ಬ್ಯಾಡ’, ಅಂಗಳದಲ್ಲಿ ಮೋಟಾರ್‌ಸೈಕಲ್! ವರದಕ್ಷಿಣೆ ಅನ್ನಲು ನಾಚುವ ನಾಲಗೆ ಗಾಡಿ ಅನ್ನಲು ನಾಚುವುದಿಲ್ಲ.

ಸಂಜೆ ಅನ್ನಪೂರ್ಣಾ ಕಂಡಳು. ಅವ್ವನ ಕೊರಳಲ್ಲಿ ತಾಳಿ ಒಂದೇ ಉಳಿದಿತ್ತು. ಬಂಗಾರದ ಬೋರಮಾಳ ಅಪ್ಪನ ಕರವಸ್ತ್ರದೊಳಗೆ ಗಂಟಾಗಿತ್ತು.

“ಅಪ್ಪಾ, ಅದನ್ನ ಮಾರಾಕ ಹೊಂಟೀಯೇನು?”

“ಛಲೋ ಮನಿತನ ಐತಿ ಮಗಳ. ನೀ ಸುಮ್ಮನಿರು.”

“ನಾಳಿ ಸಂಜಿತನಕ ಮಾರಬ್ಯಾಡ. ನನ್ನ ಆಣಿ ಐತಿ ನೋಡು!”

ಸುಮ್ಮನಿರಬೇಕಂತೆ! ಅವಳ ಮೈಯೆಲ್ಲ ಉರಿಯಿತು. ‘ನನ್ನ ಮುಂದೆ ಪೆಪ್ಪರಮಿಂಟ್, ಬೆನ್ನ ಹಿಂದೆ ಮೋಟಾರ್‌ಸೈಕಲ್! ಬಣ್ಣ ಬೇರೆ ಆರಿಸಿದ್ದಾನೆ!’ ಅವನಿಗಿಂತ ಹೆಚ್ಚು ಸಿಟ್ಟು ಬಂದದ್ದು, ಅವನನ್ನು ಮೆಚ್ಚಿದ ತನ್ನ ಮನಸ್ಸಿನ ಮೇಲೆ.

ಬೆಳಿಗ್ಗೆ ಶಾಲೆಗೆ ರಜೆ ಹಾಕಿ ಸವದತ್ತಿ ಬಸ್ಸು ಹತ್ತಿದಳು. ಅಲ್ಲಿಂದ ಟೆಂಪೋ ಹಿಡಿದು ಮನೋಳಿಗೆ ಬಂದು, ಕೇಳುತ್ತ ಕೇಳುತ್ತ ಅಂಗಡಿ ಮುಟ್ಟಿದಳು.

“ಏನ್ರೀ, ಗಾಡಿ ಕೇಳೀರಂತ?”

ಬೀಜದ ಚೀಲದ ಮೇಲೆ ಕುಳಿತಿದ್ದ ಸುಭಾಸ ಗಡಬಡಿಸಿ ಎದ್ದ. ಮುಖ ಕೆಂಪಾಯಿತು. “ಹೂಂ... ಕೇಳೇನ್ರಿ. ತಪ್ಪಾತೇನ್ರಿ?”

“ನಾಚಿಕಿ ಬರಲಿಲ್ಲೇನು?”

“ಬಂತ್ರಿ. ಅದಕ್ಕ ನಿಮ್ಮ ಮುಂದ ಕೇಳಲಿಲ್ಲ, ಅಂದಾನೆಪ್ಪ ಕಾಕಾಗ ಹೇಳಿದೆ.”

“ನಮ್ಮಪ್ಪ ಎಲ್ಲಿಂದ ತರಬೇಕು ಅದನ್ನ?”

“ತರೂದ್ಯಾಕ್ರಿ? ನಿಮ್ಮ ಮನ್ಯಾಗ ಎರಡ ಅದಾವಲ್ಲ!”

ಎರಡು? ಮನೆಯಲ್ಲಿದ್ದದ್ದು ಚೈನು ಕಳಚುವ ಒಂದು ಸೈಕಲ್ಲು!

“ಚ್ಯಾಷ್ಟಿ ಮಾಡಾಕ ಹತ್ತೀರೇನು?”

“ಇಲ್ರಿ! ಒಂದರ ಹ್ಯಾಂಡಲ್ ಮುರದೈತಿ. ನನಗ ಆ ಮುರದದ್ದ ಆದ್ರೂ ನಡೀತೈತಿ...”

ಅನ್ನಪೂರ್ಣಾಳ ಬಾಯಿ ತೆರೆದದ್ದು ತೆರೆದೇ ಇತ್ತು. ಶೋಕೇಸಿನ ಮೂಲೆ... ಗುಳಿಗೆ ಖಾಲಿಯಾದ ಎರಡು ಪುಟ್ಟ ಕೆಂಪು ಮೋಟಾರ್‌ಸೈಕಲ್ಲು. ಒಂದರ ಹ್ಯಾಂಡಲ್ ಮುರಿದಿತ್ತು!

“ಪೆಪ್ಪರಮಿಂಟ್ ಗಾಡಿ...?”

“ಮತ್ತ್ಯಾವುದ್ರಿ? ‘ಆ ಕೆಂಪು ಗಾಡಿ ಒಂದು ಕೊಟ್ರ ಸಾಕು’ ಅಂದೆ. ಬೆರಳು ಮಾಡಿ ತೋರಿಸೇನಿ!”

‘ಆ’. ಒಂದೇ ಅಕ್ಷರ. ಅಂದಾನೆಪ್ಪ ಅದನ್ನು ಎಲೆಯಡಿಕೆಯ ಜೊತೆ ಅಗಿದು ನುಂಗಿದ್ದ. ಜೀವಮಾನವೆಲ್ಲ ಒಂದೇ ಬಗೆಯ ಗಾಡಿ ಕೇಳಿ ಕೊಡಿಸಿದವನು, ಹುಡುಗನ ಬೆರಳು ಎತ್ತ ಹೋಯಿತು ಎಂದು ಯಾಕೆ ನೋಡುತ್ತಾನೆ?

“ನಮ್ಮಪ್ಪ ಅವ್ವನ ಬೋರಮಾಳ ಮಾರಾಕ ಹೊಂಟಿದ್ದ್ರಿ...” ಎಂದಳು ಅವಳು.

“ನನಗ ಆ ಮೋಟಾರಸೈಕಲ್ ಬ್ಯಾಡ್ರಿ!” ಎಂದ ಸುಭಾಸ. ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ ಚನ್ನವ್ವ ಹೊರಬಂದಳು.

“ಅವರ ಕೊಡಾಕ ತಯಾರ ಇದ್ರ ನೀ ಯಾಕ ಬ್ಯಾಡಂತೀಯೋ? ಮೋಟಾರಸೈಕಲ್ ಬರತೈತಿ ಅಂತ ಅಂದಾನೆಪ್ಪ ಹೇಳಿದಾಗನ ನನಗ ತಿಳೀತು, ಅಂವ ತಪ್ಪ ತಿಳಕೊಂಡಾನಂತ. ಸುಮ್ಮನಿದ್ದೆ. ಬರೂ ಲಕ್ಷ್ಮಿನ ಯಾರರ ಒದೀತಾರೇನು?”

“ಅದು ಲಕ್ಷ್ಮಿ ಅಲ್ರಿ! ನಮ್ಮವ್ವನ ಕೊರಳಾಗಿಂದು!” ಅನ್ನಪೂರ್ಣಾಳ ದನಿಗೆ ಅಂಗಡಿಯ ತಕ್ಕಡಿ ನಡುಗಿರಬೇಕು.

ಸುಭಾಸ ತಾಯಿಯ ಎದುರು ಬಂದು ನಿಂತ. ಅವನ ದನಿಯೂ ಏರಿತ್ತು.

“ಅವ್ವಾ, ಆ ಮೋಟಾರಸೈಕಲ್ ನಮ್ಮ ಅಂಗಳಕ್ಕ ಬಂದ್ರ ನಾ ಹಂದರಕ್ಕ ಬರಂಗಿಲ್ಲ. ಗಾಡಿಗೇ ಬಾಸಿಂಗ ಕಟ್ಟಿ, ಅದಕ್ಕ ಅಕ್ಷತಾ ಹಾಕು!”

ಚನ್ನವ್ವ ಸೆರಗು ಕೊಡವಿ ಒಳಗೆ ಹೋದಳು.

ಅನ್ನಪೂರ್ಣಾಳ ಸಿಟ್ಟು ಕರಗಿತ್ತು. ಆದರೂ ಬಿಗುಮಾನ ಬಿಡಲಿಲ್ಲ. “ಇದನ್ನ ಅಂದಾನೆಪ್ಪ ಕಾಕಾನ ಕೈಯಾಗ ಹೇಳಿ ಕಳಸಬ್ಯಾಡ್ರಿ. ಮತ್ತೇನ ನುಂಗತಾನೋ! ನೀವ ಬಂದು ನಮ್ಮಪ್ಪನ ಮುಂದ ಹೇಳ್ರಿ.”

ಅವಳು ಊರು ಮುಟ್ಟಿದ ಮೇಲೆ ಮುಂದಿನ ಬಸ್ಸಿಗೇ ಅವನು ಬಂದ. ಕೈಮುಗಿದು, ಒಂದಕ್ಷರವೂ ಬಿಡದೆ ಎಲ್ಲವನ್ನೂ ಹೇಳಿದ. ನಿಜಗುಣಪ್ಪ ಶೋಕೇಸು ನೋಡಿದ, ಅಳಿಯನಾಗುವವನನ್ನು ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡು ಕರವಸ್ತ್ರದ ಗಂಟು ಬಿಚ್ಚಿದ. ಬೋರಮಾಳ ಅವ್ವನ ಕೊರಳಿಗೆ ಮರಳಿತು.

ಹೊರಗೆ ಕಟ್ಟೆಯ ಮೇಲೆ ಸುಭಾಸ ಜೇಬಿನಿಂದ ಟ್ರ್ಯಾಕ್ಟರ್ ತೆಗೆದ.

“ತಗೋರಿ. ನೀವು ಶಾಪ ಹಾಕಿದಾಗಿಂದ ಕೆಟ್ಟ ನಿಂತೈತಿ. ಎಷ್ಟ ಒತ್ತಿದ್ರೂ ಗುಳಿಗಿ ಬೀಳವಲ್ಲದು.”

“ಮತ್ತ ಅವತ್ತು ‘ತಗದಿಲ್ಲ’ ಅಂದ್ರಿ?”

“‘ತಗಿಯಾಕ ಬಂದಿಲ್ಲ’ ಅನ್ನಾಕ ನಾಚಿಕಿ ಆತ್ರಿ...”

ಅನ್ನಪೂರ್ಣಾ ಟ್ರ್ಯಾಕ್ಟರ್ ಇಸಿದುಕೊಂಡು ಒತ್ತಿದಳು. ಟಪ್! ಹಸಿರು ಗುಳಿಗೆಯೊಂದು ಅವನ ಅಂಗೈಗೆ ಬಿತ್ತು.

“ಸಿಟ್ಟು ಇಳೀತೇನ್ರಿ?”

ಅವಳು ಒಳಗೆ ಹೋಗಿ ಬಂದು, ಕೆಂಪು ಮೋಟಾರ್‌ಸೈಕಲ್ಲನ್ನು ಅವನ ಕೈಯಲ್ಲಿಟ್ಟಳು. ಹ್ಯಾಂಡಲ್ ನೆಟ್ಟಗಿದ್ದದ್ದು.

“ಮುರದದ್ದ ಸಾಕಿತ್ತಲ್ರಿ...”

“ಅದು ನನ್ನ ಕೂಡ ಬರತೈತಿ.”